ಮೂವತ್ತು ಮೊಳ ಮಲ್ಲಿಗೆ

"ಫಸ್ಟ್ ಫ್ಲೋರ್ ಮಿಸ್ ಪೋಯಿಟ್ಟಾಂಗಮ್ಮಾ" ಎಂದು ವಾಚ್‌ಮನ್ ಬಾಗಿಲಲ್ಲಿ ನಿಂತು ಹೇಳಿದಾಗ ನಾನು ಹುರುಳಿಕಾಯಿಯ ನಾರು ತೆಗೆಯುತ್ತಿದ್ದೆ. ಮಿಸ್ ತೀರಿಹೋದರು ಎಂದು ಅರ್ಥವಾಯಿತು. ಉಳಿದ ಕಾಯಿಗಳ ನಾರನ್ನೂ ತೆಗೆದು ಮುಗಿಸಿದೆ. ಕೈ ತೊಳೆದೆ. ಅಡುಗೆಮನೆಯ ಕಿಟಕಿ ಮುಚ್ಚಿದೆ. ಆಮೇಲೆ ಏನು ಮಾಡಬೇಕೆಂದು ತೋಚದೆ ಕಿಟಕಿಯನ್ನು ಮತ್ತೆ ತೆರೆದೆ.

ಮಕ್ಕಳೇ, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಅಕ್ಷರ ಬರುವುದಿಲ್ಲ, ನಿಮ್ಮ ಅಮ್ಮ ಓದಿ ಹೇಳುತ್ತಾಳೆ. ನಂದಿನಿ, ನಿನಗೆ ಇದರಲ್ಲಿ ಅರ್ಧ ಗೊತ್ತು. ಅನಿ, ನೀನು ಆಗ ಚಿಕ್ಕವನು, ನಿನಗೆ ಏನೂ ಗೊತ್ತಿಲ್ಲ. ಆದ್ದರಿಂದ ಮೊದಲಿನಿಂದ ಬರೆಯುತ್ತೇನೆ, ನಂದಿನಿಯನ್ನು ನಂದಿನಿ ಎಂದೇ ಬರೆಯುತ್ತೇನೆ. ನಾನು ಓದಿದ್ದು ಹಳ್ಳಿಯ ಶಾಲೆಯಲ್ಲಿ ಏಳನೇ ತರಗತಿ. ತಪ್ಪಿದ್ದರೆ ತಿದ್ದಿಕೊಳ್ಳಿ.

ಮಿಸ್ ಅವರ ಹೆಸರನ್ನು ಬರೆಯುವುದಿಲ್ಲ. ಎಲ್ಲಿಯಾದರೂ ತಮ್ಮ ಹೆಸರು ಕಂಡರೆ ಅವರಿಗೆ ಇರುಸುಮುರುಸು. ಶಾಲೆಯ ವಾರ್ಷಿಕ ಪುಸ್ತಕದಲ್ಲಿ ಅವರ ಫೋಟೊದ ಕೆಳಗೆ ‘ಗಣಿತ’ ಎಂದಷ್ಟೇ ಹಾಕಿಸಿದ್ದರಂತೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ದೊಡ್ಡವರೂ ಚಿಕ್ಕವರೂ ಅವರನ್ನು ಮಿಸ್ ಎಂದೇ ಕರೆಯುತ್ತಿದ್ದೆವು. ಮೊದಲನೇ ಮಹಡಿಯಲ್ಲಿ ಒಬ್ಬರೇ ಇದ್ದರು. ನಾವು ಮೂರನೆಯದರಲ್ಲಿ. ಅವರ ತಾತ ಮೈಸೂರು ಕಡೆಯಿಂದ ಮದರಾಸಿಗೆ ಗುಮಾಸ್ತರಾಗಿ ಬಂದವರು. ಮೂರು ತಲೆಮಾರು ಇಲ್ಲೇ ಕಳೆದು ಅವರ ಕನ್ನಡದಲ್ಲಿ ಅರ್ಧ ತಮಿಳು ಸೇರಿತ್ತು. ಪ್ರತಿ ಮಾತಿಗೂ "ಅದು ಬಂದು ಅಕ್ಕಾ" ಎಂದು ಶುರು ಮಾಡುತ್ತಿದ್ದರು. ಕೈಗಡಿಯಾರವನ್ನು ಮಣಿಕಟ್ಟಿನ ಒಳಮುಖಕ್ಕೆ ಕಟ್ಟಿಕೊಳ್ಳುತ್ತಿದ್ದರು. ಪರೀಕ್ಷೆಯ ಕೋಣೆಯಲ್ಲಿ ಟೀಚರ್ ಕೈ ಎತ್ತಿ ಗಂಟೆ ನೋಡಿದರೆ ಮಕ್ಕಳಿಗೆ ಗಾಬರಿಯಾಗುತ್ತದೆ, ಹೀಗೆ ಕಟ್ಟಿಕೊಂಡರೆ ಗೊತ್ತಾಗುವುದಿಲ್ಲ ಎಂದು ಒಮ್ಮೆ ಹೇಳಿದ್ದರು. ನಾವಿರುವ ಬೆಸೆಂಟ್ ನಗರದ ಸುಡುಬಿಸಿಲಿನಲ್ಲೂ, ಬಿಸಿಲಿಲ್ಲದಾಗಲೂ, ಒಂದು ಕಪ್ಪು ಛತ್ರಿ ಕೈಯಲ್ಲಿರುತ್ತಿತ್ತು. ಅದನ್ನು ಬಿಚ್ಚಿದ್ದನ್ನು ನಾನು ನೋಡಿಲ್ಲ.

ಮಾತನ್ನು ಒಂದೇ ಸಲ ಹೇಳುತ್ತಿದ್ದರು. ಕೇಳಿಸಲಿಲ್ಲ ಎಂದರೆ ಸುಮ್ಮನೆ ನಿಲ್ಲುತ್ತಿದ್ದರು, ನಮಗೇ ನೆನಪಾಗುವವರೆಗೆ.

ಅವರ ಶಾಲೆಯಲ್ಲಿ ಹನ್ನೊಂದು, ಹನ್ನೆರಡನೇ ತರಗತಿಯ ಬದಲು ಎರಡು ವರ್ಷದ ಒಂದು ಡಿಪ್ಲೊಮಾ ಇತ್ತು, ಹೊರದೇಶದ ಪದ್ಧತಿಯದು. ನಂದಿನಿ ಅದಕ್ಕೇ ಸೇರಿದ್ದಳು. ಆ ಮಕ್ಕಳು ದೊಡ್ಡ ಕಾಲೇಜುಗಳಿಗೆ ಅರ್ಜಿ ಹಾಕುವ ಮುಂಚೆ, ಪರೀಕ್ಷೆಯಲ್ಲಿ ಏಳಕ್ಕೆ ಎಷ್ಟು ಬರಬಹುದೆಂದು ಟೀಚರ್ ಮೊದಲೇ ಅಂದಾಜು ಮಾಡಿ ಬರೆದುಕೊಡಬೇಕಂತೆ. ಆ ಕಾಲದಲ್ಲಿ ಮಿಸ್ ಮನೆಯ ಬಾಗಿಲಿಗೆ ಬರುವ ಜನ ಹೆಚ್ಚುತ್ತಿದ್ದರು. ಒಮ್ಮೆ ಒಬ್ಬ ತಾಯಿ ಮೈಸೂರುಪಾಕಿನ ಡಬ್ಬ ಹಿಡಿದು ಬಂದಿದ್ದನ್ನು ನಾನು ಮೆಟ್ಟಿಲ ಮೇಲಿಂದ ನೋಡಿದೆ. ಮಿಸ್ ಡಬ್ಬ ತೆರೆದು ಒಂದು ತುಂಡು ತೆಗೆದು, ನಿಂತಲ್ಲೇ ಪೂರ್ತಿ ತಿಂದು, ಮುಚ್ಚಳ ಹಾಕಿ ವಾಪಸು ಕೊಟ್ಟರು.

"ತುಂಬ ಚೆನ್ನಾಗಿದೆ. ಮನೇಲೇ ಮಾಡಿದ್ದಾ? ಅವನದು ಐದೇ."

ಆ ತಾಯಿ ಏನೋ ಹೇಳಲು ಹೋದಳು. ಮಿಸ್ ಕೈ ಒರೆಸಿಕೊಳ್ಳುತ್ತಾ, "ಏಳು ಬರೋ ಹಾಗೆ ಓದಿದರೆ ಏಳು ಬರೀತೀನಿ. ನೀವು ಡಬ್ಬ ತರಬೇಕು ಅಂತಿಲ್ಲ. ಬೇಕಾದರೆ ತರಬಹುದು" ಎಂದರು.

ನಿಮ್ಮ ತಾತ ತೀರಿಕೊಂಡ ಎರಡು ತಿಂಗಳಿಗೆ ನಂದಿನಿ ನಾಲ್ಕು ಬಗೆಯ ಗಣಿತದಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿ ಬಂತು. ನಿಮ್ಮ ಅಪ್ಪನಿಗೆ ಇದು ಅರ್ಥವಾಗುವುದಿಲ್ಲವೆಂದು ಮಿಸ್ ಒಂದು ಭಾನುವಾರ ಮೇಲೆ ಬಂದರು. ನಾನು ಕಾಫಿ ಕೊಟ್ಟೆ. ಕುಡಿದ ಮೇಲೆ ಅವರು ಅಡುಗೆಮನೆಯಿಂದ ಎರಡು ಸ್ಟೀಲ್ ಲೋಟ, ಎರಡು ಹಿತ್ತಾಳೆ ಲೋಟ ತರಿಸಿದರು. ಎರಡರಲ್ಲೂ ಒಂದು ದೊಡ್ಡದು, ಒಂದು ಚಿಕ್ಕದು. ಮೇಜಿನ ಮೇಲೆ ಸಾಲಾಗಿ ಇಟ್ಟರು.

"ಅದು ಬಂದು ಸರ್, ಸ್ಟೀಲ್ ಬಂದು ಅನಾಲಿಸಿಸ್. ಹಿತ್ತಾಳೆ ಬಂದು ಅಪ್ಲಿಕೇಶನ್ಸ್. ಚಿಕ್ಕದು ಸ್ಟ್ಯಾಂಡರ್ಡ್, ದೊಡ್ಡದು ಹೈಯರ್. ನಾಲ್ಕರಲ್ಲಿ ಒಂದು ಎತ್ತಿಕೋಬೇಕು. ಅಷ್ಟೇ."

ನಿಮ್ಮ ಅಪ್ಪ ಸ್ಟೀಲಿನ ದೊಡ್ಡ ಲೋಟಕ್ಕೆ ಕೈ ಹಾಕಿದ. "ಪೇರೆಂಟ್ಸ್ ಗ್ರೂಪಲ್ಲಿ ಎಲ್ಲರೂ ಅನಾಲಿಸಿಸ್ ಹೈಯರ್ ಅಂತಿದಾರೆ ಮಿಸ್. ಇನ್ನೊಂದು ಸ್ವಲ್ಪ ಈಸಿಯಂತಲ್ಲ. ಎಲ್ಲಾ ಪೇಪರಿಗೂ ಕ್ಯಾಲ್ಕ್ಯುಲೇಟರ್ ಬೇರೆ ಕೊಡ್ತಾರಂತೆ."

"ಕೊಡ್ತೀವಿ. ದೊಡ್ಡದು ತಗೊಂಡರೆ ಮೂರು ಪೇಪರ್. ಒಂದು ತಂದುಕೊಡ್ತೀನಿ, ನೀವು ಕ್ಯಾಲ್ಕ್ಯುಲೇಟರ್ ಇಟ್ಟುಕೊಂಡು ಬರೆದು ನೋಡಿ ಸರ್. ನಾನು ಟೈಮ್ ನೋಡ್ತೀನಿ."

ನಿಮ್ಮ ಅಮ್ಮ ನಕ್ಕಳು. ಅಪ್ಪ ನಗಲಿಲ್ಲ. ಕೆಲವು ಇಂಜಿನಿಯರಿಂಗ್ ಕಾಲೇಜುಗಳು ಸ್ಟೀಲ್ ಲೋಟವನ್ನೇ ಕೇಳುತ್ತವೆ ಎಂಬುದನ್ನು ಮಿಸ್ ಮುಚ್ಚಿಡಲಿಲ್ಲ. ನಂದಿನಿಗೆ ಇಂಜಿನಿಯರಿಂಗ್ ಬೇಡವಾಗಿತ್ತು, ಊರಿನ ಆರೋಗ್ಯದ ಲೆಕ್ಕಾಚಾರ ಮಾಡುವ ಓದು ಬೇಕಾಗಿತ್ತು. ಮೊದಲು ಅದನ್ನು ಮನೆಯೊಳಗೆ ತೀರ್ಮಾನ ಮಾಡಿಕೊಳ್ಳಿ ಎಂದರು ಮಿಸ್. ಆಮೇಲೆ ಬಾಗಿಲ ಪಕ್ಕ ನಿಂತಿದ್ದ ನನ್ನ ಕಡೆ ತಿರುಗಿದರು.

"ಅಕ್ಕಾ, ಅವಳಿಗೆ ಲೆಕ್ಕ ಬಿಡಿಸೋಕೆ ಬರದೇ ಹೋದಾಗ ಏನು ಮಾಡ್ತಾಳೆ? ನೀವು ಪಕ್ಕದಲ್ಲೇ ಕೂತಿರ್ತೀರಲ್ಲ."

ಎರಡು ತಿಂಗಳಿಂದ ಊಟ ಆಯಿತಾ ಎಂಬುದನ್ನು ಬಿಟ್ಟು ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ತಪ್ಪು ಅವರದಲ್ಲ. ನಾನೂ ಉತ್ತರ ಕೊಡುವಂತೆ ಇರಲಿಲ್ಲ. ಬೆಳಿಗ್ಗೆ ಎದ್ದಿದ್ದು, ಮಲಗಿದ್ದು, ಇವೆರಡರ ನಡುವೆ ಏನಾಯಿತೆಂದು ಆಗ ಕೇಳಿದ್ದರೂ ಹೇಳಲಾಗುತ್ತಿರಲಿಲ್ಲ.

"ಎದ್ದು ಹೋಗಿ ಏನಾದರೂ ಅಳೀತಾಳೆ ಮಿಸ್" ಎಂದೆ. "ಸಣ್ಣಾಕಿದ್ದಾಗ ವಿಸ್ತೀರ್ಣದ ಲೆಕ್ಕ ಬರಲಿಲ್ಲ ಅಂತ ಬಾಲ್ಕನಿಗೆ ಟೇಪ್ ಹಿಡಿದಿದ್ದಳು. ನನ್ನ ಸೆರಗಿನ ಒಂದು ತುದಿ ನನಗೇ ಹಿಡಿದುಕೊಳ್ಳೋಕೆ ಕೊಟ್ಟು."

"ಸೆರಗು ಯಾಕೆ?"

"ಟೇಪ್ ಸಾಲಲಿಲ್ಲ."

ಮಿಸ್ ಹಿತ್ತಾಳೆಯ ದೊಡ್ಡ ಲೋಟವನ್ನು ನಂದಿನಿಯ ಮುಂದಕ್ಕೆ ಸರಿಸಿದರು. "ಎರಡೂ ಗಣಿತವೇ ಸರ್. ಅಲ್ಲಿ ಯಾಕೆ ಹಾಗೆ ಅಂತ ಕೇಳ್ತೀವಿ. ಇಲ್ಲಿ ಹೌದಾ, ಹೋಗಿ ನೋಡಿದೆಯಾ ಅಂತ ಕೇಳ್ತೀವಿ."

ನಿಮ್ಮ ಅಪ್ಪ ಒಪ್ಪಿದ. ಪೂರ್ತಿ ಮನಸ್ಸಿನಿಂದಲ್ಲ. "ಇದರಲ್ಲೂ ಮಾರ್ಕ್ಸ್ ಬರಲಿಲ್ಲ ಅಂದರೆ ಇಂಜಿನಿಯರಿಂಗೂ ಹೋಯಿತು, ಮಾರ್ಕ್ಸೂ ಹೋಯಿತು" ಎಂದ. ಆ ಮಾತು ನಂದಿನಿಯ ಮೇಲೆ ವರ್ಷವಿಡೀ ಕೂತಿತ್ತು.

ಆ ಡಿಪ್ಲೊಮಾದಲ್ಲಿ ಕೊನೆಯ ಪರೀಕ್ಷೆಯಲ್ಲದೆ ಇನ್ನೊಂದು ಕೆಲಸವಿದೆ. ಪ್ರತಿ ಮಗುವೂ ತನಗೆ ಬೇಕಾದ ಒಂದು ಪ್ರಶ್ನೆ ಹಿಡಿದು, ಗಣಿತದಿಂದ ಅದನ್ನು ಹುಡುಕಿ, ಸುಮಾರು ಇಪ್ಪತ್ತು ಪುಟ ಬರೆಯಬೇಕು. ಎಕ್ಸ್‌ಪ್ಲೊರೇಶನ್ ಎನ್ನುತ್ತಾರೆ. ಒಟ್ಟು ಅಂಕದಲ್ಲಿ ಐದನೇ ಒಂದು ಭಾಗ ಅದಕ್ಕೇ. ಇದು ಈ ಮಗುವಿನ ಸ್ವಂತ, ಸಾಚಾ ಕೆಲಸ ಎಂದು ಟೀಚರ್ ಒಪ್ಪಿ ಸಹಿ ಮಾಡಬೇಕು. ಸಹಿ ಇಲ್ಲದಿದ್ದರೆ ಆ ಬರಹ ಹೋಗುವುದಿಲ್ಲ, ಗಣಿತದ ಅಂಕವೂ ಇಲ್ಲ, ಡಿಪ್ಲೊಮಾವೂ ಇಲ್ಲ. ಟೀಚರ್ ಕರಡನ್ನು ಒಂದೇ ಸಲ ಓದಿ ಸಲಹೆ ಕೊಡಬಹುದು. ತಿದ್ದುವ ಹಾಗಿಲ್ಲ. ಮಿಸ್ ಅದನ್ನೂ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು, ಬರೀ ಪ್ರಶ್ನೆಗಳನ್ನು.

ನಂದಿನಿ ಹಿಡಿದ ಪ್ರಶ್ನೆ ಮಲ್ಲಿಗೆಯದು. ಚೆನ್ನೈಯಲ್ಲಿ ಹೂವನ್ನು ಮೊಳದಲ್ಲಿ ಮಾರುತ್ತಾರೆ, ಮೊಳ ಎಂದರೆ ಮಾರುವವಳ ಮೊಣಕೈಯಿಂದ ಬೆರಳ ತುದಿ. ಒಬ್ಬೊಬ್ಬಳ ಕೈ ಒಂದೊಂದು ಅಳತೆ. ಹಾಗಾದರೆ ಊರಿನ ಬೇರೆ ಬೇರೆ ಕಡೆ ಮೊಳ ಎಷ್ಟು ವ್ಯತ್ಯಾಸವಾಗುತ್ತದೆ ಎಂದು ನೋಡಬೇಕು. ಐದು ಜಾಗ, ಒಂದೊಂದರಲ್ಲಿ ಆರು ಜನ, ಮೂವತ್ತು ಮೊಳ. ಹೂವು ಬೆಳಿಗ್ಗೆ ಕೊಳ್ಳಬೇಕು. ಆ ಹೊತ್ತಿಗೆ ಅವಳು ಶಾಲೆಯ ಬಸ್ಸಿನಲ್ಲಿರುತ್ತಿದ್ದಳು.

"ಅಜ್ಜಿ, ನೀಂಗ ವಾಂಗಿಟ್ಟು ವಾಂಗ, ಪ್ಲೀಸ್" ಎಂದು ತಮಿಳಿನಲ್ಲೇ ಕೇಳಿದಳು, ನೀವೇ ಕೊಂಡು ತನ್ನಿ ಎಂದು. ನಾನು ತಂದಿಟ್ಟರೆ ಸಂಜೆ ಅವಳು ಅಳೆದು, ಮೊಗ್ಗು ಎಣಿಸಿ, ಫೋಟೊ ತೆಗೆಯುತ್ತಾಳೆ. ಯಾವ ಜಾಗ, ಎಷ್ಟನೇ ಅಂಗಡಿ ಎಂದು ನೋಟ್‌ಬುಕ್ಕಿನಲ್ಲಿ ನಾನು ಬರೆದಿಡಬೇಕು. ನಾನು ಮನೆಯಿಂದ ಹೊರಗೆ ಹೋಗುವಂತಾಗಲಿ ಎಂಬುದೂ ಅವಳ ಮನಸ್ಸಿನಲ್ಲಿತ್ತೆಂದು ಕಾಣುತ್ತದೆ. ನಾನು ಹೂಂ ಎಂದೆ.

ತಾತ ಹೋದ ಮೇಲೆ ಹೂವು ಬೇಡವೆಂದು ನಮ್ಮವರಲ್ಲಿ ಯಾರೂ ನನಗೆ ಹೇಳಲಿಲ್ಲ. ನಾನೇ ಬಿಟ್ಟಿದ್ದೆ. ಮೊದಲ ದಿನ ತಿರುವಾನ್ಮಿಯೂರಿಗೆ ಬಸ್ಸಿನಲ್ಲಿ ಹೋಗಿ ಒಂದು ಹೂವಿನ ಅಂಗಡಿಯ ಮುಂದೆ ನಿಂತೆ. ಆ ಹೆಂಗಸು ನನ್ನ ಹಣೆ ನೋಡಿದಳು, ಕುತ್ತಿಗೆ ನೋಡಿದಳು. "ಯಾರುಕ್ಕು ಪೂ?" ಎಂದಳು. ಯಾರಿಗೆ ಹೂವು ಎಂದು. ಅವಳಿಗೆ ಕೆಟ್ಟ ಮನಸ್ಸಿರಲಿಲ್ಲ. ದೇವರಿಗಾದರೆ ಬಿಡಿ ಹೂವು, ಮುಡಿಯಲಿಕ್ಕಾದರೆ ಕಟ್ಟಿದ್ದು ಎಂದು ಕೇಳಿರಬೇಕು. ನಾನು ಚೀಲ ಮಡಿಸಿಕೊಂಡೆ. ವಾಪಸು ಬಂದುಬಿಟ್ಟೆ.

ನಮ್ಮ ಬೀದಿಯ ತಿರುವಿನಲ್ಲಿ ಸೆಲ್ವಿ ಕೂರುತ್ತಿದ್ದಳು. ಪ್ರತಿ ಶುಕ್ರವಾರ ನಿಮ್ಮ ತಾತ ಅವಳ ಹತ್ತಿರವೇ ಹೂವು ತರುತ್ತಿದ್ದರು. ಅವಳು ಏನೂ ಕೇಳಲಿಲ್ಲ. ಒಂದು ಮೊಳ ಅಳೆದು ಬಾಳೆಲೆಯಲ್ಲಿ ಸುತ್ತಿ ಕೊಟ್ಟಳು. ನಾನು ನೋಟ್‌ಬುಕ್ಕಿನಲ್ಲಿ ‘ತಿರುವಾನ್ಮಿಯೂರು, ಒಂದನೇ ಅಂಗಡಿ’ ಎಂದು ಬರೆದೆ.

ಹೀಗೆ ಮೂವತ್ತು ಮೊಳ. ಎಲ್ಲವೂ ಸೆಲ್ವಿಯದೇ. ದಿನವೂ ಬೆಳಿಗ್ಗೆ ಚೀಲ ಹಿಡಿದು ಹೊರಡುತ್ತಿದ್ದೆ. ಅಡ್ಯಾರಿಗೆ ಹೋಗಿ ಬರಲು ಎಷ್ಟು ಹೊತ್ತಾಗುತ್ತದೋ ಅಷ್ಟು ಹೊತ್ತು ಸಮುದ್ರದ ಮುಂದಿನ ಕಟ್ಟೆಯ ಮೇಲೆ ಕೂತಿರುತ್ತಿದ್ದೆ. ಕೋಯಂಬೇಡಿನ ದಿನ ಹೆಚ್ಚು ಹೊತ್ತು. ಅಲೆ ಬರುವುದನ್ನು ನೋಡುತ್ತಿದ್ದೆ, ಏನೂ ಅನಿಸುತ್ತಿರಲಿಲ್ಲ. ಬರುವಾಗ ಒಂದೆರಡು ಮೊಳ ತರುತ್ತಿದ್ದೆ. ಮೋಸ ಮಾಡುತ್ತಿದ್ದೇನೆ ಎಂದು ನನಗೆ ಅನಿಸಲೇ ಇಲ್ಲ. ಮೊಳ ಎಂದರೆ ಮೊಳ, ಎಲ್ಲಿ ತಂದರೇನು ಎಂದುಕೊಂಡೆ. ಹುಡುಗಿಗೆ ಹೂವು ಬೇಕು, ಹೂವು ತಂದುಕೊಟ್ಟೆ. ಅಷ್ಟು ದಡ್ಡಿ ನಾನು.

ನಂದಿನಿ ಪ್ರತಿ ಸಂಜೆ ಒಂದೊಂದನ್ನೂ ಅಳೆದಳು. ಮೂರು ವಾರ ಅವಳ ಮೇಜಿನ ಮೇಲೆ ಮಲ್ಲಿಗೆ. ಕೊನೆಗೆ ಅವಳಿಗೆ ಬಂದ ಉತ್ತರವೆಂದರೆ, ಚೆನ್ನೈಯಲ್ಲಿ ಎಲ್ಲಿ ಹೋದರೂ ಮೊಳ ಸುಮಾರು ಒಂದೇ. ಅವಳಿಗೇ ಆಶ್ಚರ್ಯ. ಬಣ್ಣಬಣ್ಣದ ಚಿತ್ರಗಳೊಂದಿಗೆ ಬರೆದು, ಮೂವತ್ತು ಫೋಟೊಗಳನ್ನು ಹಿಂದೆ ಸೇರಿಸಿ ಮಿಸ್‌ಗೆ ಕೊಟ್ಟಳು.

ಕರಡು ವಾಪಸು ಬಂದಾಗ ಇಪ್ಪತ್ತು ಪುಟಗಳಲ್ಲಿ ಎಲ್ಲೂ ಗುರುತಿಲ್ಲ. ಕೊನೆಯ ಫೋಟೊಗಳ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಒಂದೇ ಪ್ರಶ್ನೆ ಇತ್ತು. ನಂದಿನಿ ನನಗೆ ಓದಿ ಹೇಳಿದಳು. ಮೂವತ್ತು ಮೊಳದ ತುದಿಯಲ್ಲೂ ಒಂದೇ ಥರ ಮರುಗದ ಎಸಳು ಯಾಕಿದೆ?

"ಎಲ್ಲರೂ ಹಾಗೇ ಕಟ್ತಾರಲ್ಲ ಅಜ್ಜಿ? ಈ ಮಿಸ್‌ಗೆ ಏನು ಬೇಕಂತೆ?" ಎಂದಳು, ಎಂದಿನಂತೆ ತಮಿಳಿನಲ್ಲಿ.

ಸೆಲ್ವಿ ಪ್ರತಿ ಮಾಲೆಯ ಕೊನೆಯಲ್ಲಿ ಬಾಳೆನಾರಿನ ಗಂಟಿನೊಳಗೆ ಒಂದು ಮರುಗದ ಎಸಳು ಸಿಕ್ಕಿಸುತ್ತಿದ್ದಳು. ಅದು ಅವಳ ಅಭ್ಯಾಸ, ಬೇರೆ ಯಾರೂ ಮಾಡುವುದಿಲ್ಲ. ನನ್ನ ಕಣ್ಣಿಗೆ ದಿನವೂ ಬಿದ್ದಿತ್ತು. ಆಗ ಗೊತ್ತಾಯಿತು, ನಾನು ತಂದದ್ದು ಮೂವತ್ತು ಮೊಳವಲ್ಲ, ಒಂದೇ ಕೈಯೆಂದು.

ಈ ಮನೆಗೆ ಬಂದು ಅಷ್ಟು ವರ್ಷಗಳಲ್ಲಿ ಇನ್ನೊಬ್ಬರ ಮನೆಯ ಬೆಲ್ಲನ್ನು ನಾನಾಗಿ ಒತ್ತಿದ್ದು ಅದೇ ಮೊದಲು. ಮಿಸ್ ನೆಲದ ಮೇಲೆ ಉತ್ತರ ಪತ್ರಿಕೆ ಹರಡಿಕೊಂಡು ಕೂತಿದ್ದರು. ಕೂರಿ ಎಂದರು. ನಾನು ನಿಂತೇ ಹೇಳಿದೆ. ಹೇಳಿ ಮುಗಿಯುವವರೆಗೆ ಅವರು ಕೈಯಲ್ಲಿದ್ದ ಪತ್ರಿಕೆಯ ಮೂಲೆಯನ್ನು ಮಡಿಸಿ ಬಿಚ್ಚುತ್ತಿದ್ದರು.

"ಹುಡುಗಿಗೆ ಗೊತ್ತಿಲ್ಲ ಮಿಸ್. ಅವಳು ಸರಿಯಾಗೇ ಅಳೆದಾಳೆ. ತಪ್ಪು ನನ್ನದು. ನೀವು ಸಹಿ ಹಾಕಿಬಿಡಿ."

"ಇದನ್ನ ಕೇಳಿಸಿಕೊಂಡ ಮೇಲೆ ಹೇಗೆ ಹಾಕಲಿ ಅಕ್ಕಾ?"

"ನಾನು ಹೇಳಲಿಲ್ಲ ಅಂತ ತಿಳಕೊಳ್ಳಿ."

"ನೀವು ಹೇಳದೇ ಇದ್ದರೂ ಹಾಕ್ತಿರಲಿಲ್ಲ. ಮರುಗ ಹೇಳಿತಲ್ಲ." ಗೋಡೆಯ ಕ್ಯಾಲೆಂಡರ್ ನೋಡಿದರು. "ಹನ್ನೊಂದು ದಿನ ಇದೆ. ಅವಳಿಗೆ ಯಾರು ಹೇಳೋದು, ನೀವಾ, ನಾನಾ?"

ನಾನು ನೆಲದ ಮೇಲಿನ ಪತ್ರಿಕೆಗಳನ್ನು ನೋಡಿದೆ. ಅವರು ಮತ್ತೆ ಕೇಳಲಿಲ್ಲ. ಮಾತನ್ನು ಒಂದೇ ಸಲ ಹೇಳುವವರು.

"ನಾನೇ ಹೇಳ್ತೀನಿ" ಎಂದೆ.

"ಸರಿ. ಅಲ್ಲಿಗೆಲ್ಲ ಯಾಕೆ ಹೋಗಲಿಲ್ಲ?"

ಯಾರಿಗೆ ಹೂವು ಎಂದು ಕೇಳುತ್ತಾರೆ ಎಂದೆ. ಬೇರೆ ಏನಾದರೂ ಹೇಳಬಹುದಿತ್ತು, ನಾಲಿಗೆಗೆ ಅದೇ ಬಂತು.

ಅವರು ಕನ್ನಡಕ ತೆಗೆದು ಸೀರೆಯಲ್ಲಿ ಒರೆಸಿದರು. ಮದುವೆಯಾದವರಲ್ಲ. ಅವರ ತಲೆಯಲ್ಲಿ ಹೂವನ್ನು ನಾನೂ ನೋಡಿರಲಿಲ್ಲ. "ನನ್ನನ್ನೂ ಕೇಳ್ತಾರೆ ಅಕ್ಕಾ. ಮೂವತ್ತು ವರ್ಷದಿಂದ ಕೇಳ್ತಿದಾರೆ. ಕೇಳಿದ ಪ್ರಶ್ನೆಗೆಲ್ಲ ಉತ್ತರ ಬರೀಬೇಕು ಅನ್ನೋದು ಪರೀಕ್ಷೆಲಿ ಮಾತ್ರ. ಹೂವಿನಂಗಡೀಲಿ ಎಷ್ಟು ಮೊಳ ಅಂತ ಹೇಳಿದರೆ ಸಾಕು."

ಆ ಸಂಜೆ ನಂದಿನಿಗೆ ಹೇಳಿದೆ. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಆಗುತ್ತಿತ್ತು. ಕರಡನ್ನು ಮುಚ್ಚಿ, "ವಿಟ್ಟುಡುಂಗ ಅಜ್ಜಿ" ಎಂದಳು, ಬಿಟ್ಟುಬಿಡಿ ಎಂದು. ಅವತ್ತಿಗೆ ಊಟ ಮಾಡಲಿಲ್ಲ. ಅಪ್ಪನಿಗೆ ಹೇಳಬೇಡ ಎಂದು ಅವಳೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರೂ ಹೇಳಲಿಲ್ಲ.

ಇನ್ನು ಮುಂದಿನದು ನಂದಿನಿಗೂ ಗೊತ್ತಿಲ್ಲದ್ದು.

ಮರುದಿನ ಬೆಳಿಗ್ಗೆ, ಮೂವತ್ತನ್ನೂ ಮೊದಲಿಂದ ತರಬೇಕೆಂದು ನಾನು ಚೀಲ ಹಿಡಿದು ಕೆಳಗಿಳಿದಾಗ ಮಿಸ್ ಛತ್ರಿ ಹಿಡಿದು ಗೇಟಿನ ಹತ್ತಿರ ನಿಂತಿದ್ದರು. ಶಾಲೆಗೆ ಅವರು ಹೋಗಬೇಕಾದದ್ದು ಒಂಬತ್ತಕ್ಕೆ.

"ಅದು ಬಂದು ಅಕ್ಕಾ, ನಾನು ಟೀಚರ್. ನಿಮ್ಮ ಜೊತೆ ಬರೋ ಹಾಗಿಲ್ಲ. ಅಂಗಡಿ ತೋರಿಸೋ ಹಾಗಿಲ್ಲ, ಹೂವು ಮುಟ್ಟೋ ಹಾಗಿಲ್ಲ. ಆದರೆ ದಿನಾ ವಾಕಿಂಗ್ ಹೋಗ್ತೀನಿ. ರೋಡು ಎಲ್ಲರದು."

ಅಷ್ಟು ಹೇಳಿ ರಸ್ತೆ ದಾಟಿ ಆ ಬದಿಗೆ ಹೋದರು. ನಾನು ಈ ಬದಿಯಲ್ಲಿ ನಡೆದೆ, ಅವರು ಆ ಬದಿಯಲ್ಲಿ. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ನಾನು ನಿಧಾನ ಮಾಡಿದರೆ ಅವರೂ ನಿಂತು ಯಾವುದೋ ಗೋಡೆಯ ಪೋಸ್ಟರ್ ಓದುತ್ತಿದ್ದರು. ಬಸ್ಸು ಹತ್ತಿದರೆ ಅವರು ಮುಂದಿನ ಸೀಟಿನಲ್ಲಿ, ನಾನು ಹಿಂದೆ. ಟಿಕೆಟ್ ಬೇರೆ ಬೇರೆ. ಅವರ ಹಿಂದಲೆ, ಬಿಳಿ ಕೂದಲಿನ ಸಣ್ಣ ಗಂಟು, ಸೀಟಿನ ಕಂಬಿಗೆ ನೇತುಹಾಕಿದ ಛತ್ರಿ. ಹತ್ತು ಬೆಳಿಗ್ಗೆ ನಾನು ಅದನ್ನೇ ನೋಡಿದೆ.

ತಿರುವಾನ್ಮಿಯೂರಿನಲ್ಲಿ ಅದೇ ಹೆಂಗಸಿನ ಮುಂದೆ ನಿಂತೆ. ಅವಳು ಮತ್ತೆ "ಯಾರುಕ್ಕು?" ಎಂದಳು. ಎದುರು ಬದಿಯಲ್ಲಿ ಮಿಸ್ ನಿಂಬೆಹಣ್ಣು ಆರಿಸುತ್ತಿದ್ದರು.

"ಒರು ಮೊಳಂ" ಎಂದೆ. ಒಂದು ಮೊಳ. ಕೇಳಿದರೆ ಅರ್ಥವಾಗುತ್ತಿತ್ತು, ಆಡಲು ಬರುವ ತಮಿಳು ಆಗ ಅಷ್ಟೇ.

ಅವಳು ಅಳೆದು ಕೊಟ್ಟಳು. ಅಷ್ಟೇ ಆದದ್ದು. ಮತ್ತೇನೂ ಆಗಲಿಲ್ಲ.

ಕೋಯಂಬೇಡಿನಲ್ಲಿ ಹೂವಿನ ರಾಶಿಗಳ ನಡುವೆ ಕೆಸರು, ತಳ್ಳಾಟ. ಒಬ್ಬಳು, "ಏನಮ್ಮಾ, ಇಲ್ಲಿ ಕಿಲೋ ಲೆಕ್ಕದಲ್ಲಿ ಕೊಳ್ತಾರೆ, ನೀನು ಒಂದು ಮೊಳ ಕೇಳೋಕೆ ಇಷ್ಟು ದೂರ ಬಂದೆಯಾ" ಎಂದು ತಮಿಳಿನಲ್ಲಿ ಹಂಗಿಸಿದಳು. ಪಕ್ಕದವಳು ನಕ್ಕು, ತಲೆ ಕೆಟ್ಟಿರಬೇಕು ಎಂದಳು. ನಾನು ತಲೆಯಾಡಿಸಿದೆ. ಅವರಿಗೆ ಇನ್ನೂ ನಗು ಬಂತು. ಹೆಬ್ಬಾಗಿಲ ಹೊರಗಿನ ಚಿಲ್ಲರೆಯವರ ಹತ್ತಿರ ಆರು ಮೊಳ ಸಿಕ್ಕಿತು. ಕ್ರೋಂಪೇಟೆಗೆ ಹೋದ ದಿನ ಮಿಸ್ ಶಾಲೆಗೆ ರಜ ಹಾಕಿದ್ದರು, ಅಲ್ಲಿ ತಂಗಿಯ ಮನೆಗೆ ಹೋಗಬೇಕಿತ್ತು ಎಂದರು. ಸ್ಟೇಷನ್ನಿನ ಮೆಟ್ಟಿಲ ಕೆಳಗೆ ಆರನೇ ಮೊಳ ನನ್ನ ಚೀಲಕ್ಕೆ ಬೀಳುವವರೆಗೆ ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತಿದ್ದು, ಆಮೇಲೆ ನನ್ನ ರೈಲಿನಲ್ಲೇ ವಾಪಸು ಬಂದರು. ತಂಗಿಯ ಮನೆಗೆ ಹೋಗಲಿಲ್ಲ.

ಈ ಸಲ ಒಂದೊಂದು ಮಾಲೆ ಒಂದೊಂದು ಥರ. ಕ್ರೋಂಪೇಟೆಯದು ಉದ್ದ, ಆದರೆ ಮೊಗ್ಗು ವಿರಳ. ತಿರುವಾನ್ಮಿಯೂರಿನ ದೇವಸ್ಥಾನದ ಬೀದಿಯದು ಗಿಡ್ಡ, ಒತ್ತಾಗಿ ಕಟ್ಟಿದ್ದು. ನಂದಿನಿ ಅಳೆಯುತ್ತಾ ಒಂದು ರಾತ್ರಿ ಊಟದ ಹೊತ್ತಿಗೆ, "ಅಜ್ಜಿ, ಆ ಮೊದಲನೇ ಮೂವತ್ತರ ಲೆಕ್ಕ ಬಿಸಾಡಬೇಡಿ" ಎಂದಳು. ಮೂರು ದಿನದ ಮೇಲೆ ಅವಳು ನನ್ನೊಡನೆ ಆಡಿದ ಮೊದಲ ಮಾತು, ಅದೂ ಕನ್ನಡದಲ್ಲಿ. ಒಂದೇ ಕೈ ಮೂವತ್ತು ಸಲ ಅಳೆದರೆ ಎಷ್ಟು ವ್ಯತ್ಯಾಸ, ಮೂವತ್ತು ಕೈ ಅಳೆದರೆ ಎಷ್ಟು ವ್ಯತ್ಯಾಸ, ಎರಡನ್ನೂ ಪಕ್ಕಪಕ್ಕ ಇಡಬಹುದಂತೆ. ಮೊದಲಿನ ಮೂವತ್ತು ಹೇಗೆ ಬಂತು, ತಾನು ಹೇಗೆ ಮೋಸಹೋದೆ ಎಂಬುದನ್ನೂ ಪೂರ್ತಿ ಬರೆದಳು. ‘ನನ್ನ ಅಜ್ಜಿ’ ಎಂದು ಬರೆಯಲಾ ಎಂದು ಕೇಳಿದಳು. ಬರಿ ಎಂದೆ.

ಮಿಸ್‌ಗೆ ಕೊಟ್ಟಳು. ಅವರಿಗೆ ಇದ್ದದ್ದು ಒಂದೇ ಸಲದ ಓದು, ಅದು ಮುಗಿದಿತ್ತು. ಚೆನ್ನಾಗಿದೆ ಎಂದೂ ಹೇಳಲಿಲ್ಲ. ಸಹಿ ಮಾಡಿದರು. ಮುಂದಿನ ವರ್ಷ ಫಲಿತಾಂಶ ಬಂದಾಗ ಗಣಿತದಲ್ಲಿ ಏಳಕ್ಕೆ ಆರು ಬಂತು. ನಂದಿನಿ ಬಯಸಿದ ಓದು ಸಿಕ್ಕಿತು. ನಿಮ್ಮ ಅಪ್ಪ ಕೆಳಗೆ ಹೋಗಿ ಮಿಸ್‌ಗೆ ಸ್ವೀಟ್ ಡಬ್ಬ ಕೊಟ್ಟ. ಅವರು ಒಂದು ತುಂಡು ತಿಂದು ಡಬ್ಬ ವಾಪಸು ಕೊಟ್ಟರಂತೆ. "ಏನು ಮನುಷ್ಯರಪ್ಪ" ಎಂದುಕೊಂಡು ಮೇಲೆ ಬಂದ.

ಆ ಹತ್ತು ಬೆಳಗುಗಳ ಬಗ್ಗೆ ಮಿಸ್ ಮತ್ತೆಂದೂ ಮಾತೆತ್ತಲಿಲ್ಲ. ಲಿಫ್ಟಿನಲ್ಲಿ ಸಿಕ್ಕರೆ "ಕಾಫಿ ಆಯ್ತಾ ಅಕ್ಕಾ" ಎನ್ನುತ್ತಿದ್ದರು, ಆಯಿತು ಎನ್ನುತ್ತಿದ್ದೆ. ಥ್ಯಾಂಕ್ಸ್ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಮೊದಲನೇ ಮಹಡಿ ಬಂದುಬಿಡುತ್ತಿತ್ತು. ಆಮೇಲೆ ಅವರು ನಿವೃತ್ತರಾದರು. ಆಮೇಲೂ ಹೇಳಲಿಲ್ಲ.

ವಾಚ್‌ಮನ್ ಬಂದು ಹೇಳಿದ ದಿನ ಹುರುಳಿಕಾಯಿ ಮುಗಿಸಿ, ಕಿಟಕಿ ಮತ್ತೆ ತೆರೆದೆ ಎಂದೆನಲ್ಲ. ಆಮೇಲೆ ಚೀಲ ತೆಗೆದುಕೊಂಡು ಕೆಳಗಿಳಿದೆ. ಅವರ ಮನೆಯ ಬಾಗಿಲು ತೆರೆದಿತ್ತು, ಒಳಗೆ ತಂಗಿಯ ಕಡೆಯವರು. ಬಾಗಿಲ ಹಿಂದಿನ ಮೊಳೆಯಲ್ಲಿ ಛತ್ರಿ ತೂಗುತ್ತಿತ್ತು. ನಾನು ಒಳಗೆ ಹೋಗಲಿಲ್ಲ. ತಿರುವಿನಲ್ಲಿ ಸೆಲ್ವಿ ಇದ್ದಳು, ಅವಳನ್ನು ದಾಟಿ ಬಸ್ಸು ಹತ್ತಿದೆ. ಮುಂದಿನ ಸೀಟು ಖಾಲಿಯಿತ್ತು. ನಾನು ಹಿಂದೆಯೇ ಕೂತೆ.

ತಿರುವಾನ್ಮಿಯೂರಿನ ಆ ಹೆಂಗಸಿಗೆ ಈಗ ವಯಸ್ಸಾಗಿದೆ. ನನ್ನ ಗುರುತು ಹತ್ತಲಿಲ್ಲ. "ಯಾರುಕ್ಕುಮ್ಮಾ?" ಎಂದಳು.

"ಎಂಗ ಮಿಸ್‌ಕ್ಕು" ಎಂದೆ. ನಮ್ಮ ಮಿಸ್‌ಗೆ. "ಒರು ಮೊಳಂ."

ಮನೆಗೆ ಬಂದು, ಕೆಳಗೆ ಹೋಗುವ ಮೊದಲು, ನಂದಿನಿಯ ಮೇಜಿನ ಡ್ರಾಯರಿನಿಂದ ಟೇಪನ್ನೂ ಹಳೆಯ ನೋಟ್‌ಬುಕ್ಕನ್ನೂ ತೆಗೆದೆ. ಮಾಲೆಯನ್ನು ನೆಲದ ಮೇಲೆ ನೆಟ್ಟಗೆ ಚಾಚಿ ಅಳೆದೆ. ಮೊಗ್ಗು ಎಣಿಸಿದೆ, ತಪ್ಪಿತು, ಮತ್ತೆ ಎಣಿಸಿದೆ. ಅರವತ್ತನೇ ಸಾಲಿನ ಕೆಳಗೆ ಅರವತ್ತೊಂದು ಎಂದು ಹಾಕಿ ಬರೆದೆ: ತಿರುವಾನ್ಮಿಯೂರು, ಒಂದನೇ ಅಂಗಡಿ. ಉದ್ದ ನಲವತ್ತೆರಡು ಸೆಂಟಿಮೀಟರ್. ಮೊಗ್ಗು ನೂರ ಹದಿನೆಂಟು. ತುದಿಯಲ್ಲಿ ಮರುಗ ಇಲ್ಲ.